ತೊಳೆದ ಬಾಟಲಿಗಳು

ಕೆಮ್ಮು ಇನ್ನೂ ಗಂಟಲಿಗೆ ಬಂದಿರಲಿಲ್ಲ, ಬರುವ ಹವಣಿಕೆಯಲ್ಲಿತ್ತು ಅಷ್ಟೆ, ಅಷ್ಟರಲ್ಲೇ ಅಕ್ಕ ಕಾಲ ಬಳಿಯಿದ್ದ ಸಣ್ಣ ದಿಂಬನ್ನೆತ್ತಿ ಅವನ ಹೊಟ್ಟೆಯ ಮೇಲಿಟ್ಟು, ಅವನ ಎರಡೂ ಕೈಗಳನ್ನು ಅದರ ಮೇಲೆ ಕೂರಿಸಿ, “ಒತ್ತಿ ಹಿಡ್ಕೊಂಡು ಕೆಮ್ಮು. ಹೆದರ್ಬೇಡ, ಹೊಲಿಗೆ ಕಿತ್ಕೊಂಡು ಹೋಗಲ್ಲ” ಎಂದಳು. ಅವನು ಕೆಮ್ಮಿದ. ಕಣ್ಣಲ್ಲಿ ನೀರು ಬಂತು. ಆದರೆ ನಿನ್ನೆ ಎಚ್ಚರವಾದ ಹೊಸದರಲ್ಲಿ ಕೆಮ್ಮಿದಾಗ ಹೊಟ್ಟೆ ಎರಡು ಸೀಳಾದಂತೆ ಅನ್ನಿಸಿತ್ತಲ್ಲ, ಹಾಗಾಗಲಿಲ್ಲ. ಆಪರೇಷನ್ನಿನ ಹೊತ್ತಿಗೆ ಗಂಟಲಲ್ಲಿ ನಳಿಗೆ ಇಳಿಸಿರುತ್ತಾರೆ, ಅದರಿಂದ ಗಂಟಲು ಕೆರೆಯುತ್ತದೆ ಎಂಬುದು ಅವನಿಗೆ ಗೊತ್ತಿತ್ತು. ದಿಂಬಿನ ಸಂಗತಿ ಗೊತ್ತಿರಲಿಲ್ಲ. ಬಲ ಹೆಗಲು ಯಾಕೆ ಹೀಗೆ ಸೆಳೆಯುತ್ತಿದೆ, ಕೊಯ್ದದ್ದು ಹೊಟ್ಟೆಯನ್ನಲ್ಲವೆ ಎಂದು ಗೊಣಗಿದ್ದಕ್ಕೂ ಅಕ್ಕನ ಬಳಿ ಉತ್ತರ ತಯಾರಿತ್ತು. “ಹೊಟ್ಟೆ ಒಳಗೆ ಕೆಲಸ ಮಾಡೋಕೆ ಜಾಗ ಬೇಕಲ್ಲ, ಗಾಳಿ ತುಂಬ್ತಾರೆ. ಆಮೇಲೆ ಅದು ಹೆಗಲಿಗೆ ಹೋಗಿ ಕೂತ್ಕೊಳುತ್ತೆ. ಓಡಾಡಿದ್ರೆ ಇಳಿಯುತ್ತೆ.” ಅವನಿಗೆ ಸುಮ್ಮನಿರಲಾಗಲಿಲ್ಲ. “ಗಾಳಿ ಅಲ್ಲ ಅಕ್ಕ. ಕಾರ್ಬನ್ ಡೈಆಕ್ಸೈಡು” ಎಂದ. “ಏನೋ ಒಂದು. ನೋಯೋದು ಹೆಗಲೇ ತಾನೆ?” ಎಂದು ಅಕ್ಕ ಹೊದಿಕೆಯ ಅಂಚು ಸರಿಮಾಡಿದಳು. ಸ್ವಲ್ಪ ಹೊತ್ತಿಗೆ ನರ್ಸ್ ಬಂದು ದಿಂಬಿನ ಪಾಠ ಹೇಳಲು ಬಾಯಿ ತೆರೆದವಳು, ಅದು ಆಗಲೇ ಅವನ ಹೊಟ್ಟೆಯ ಮೇಲಿರುವುದನ್ನು ಕಂಡು, “ಅರೆ, ಕಲ್ತೇಬಿಟ್ಟಿದೀರಲ್ಲ!” ಎಂದಳು. ಅವನು ಆ ಹೊಗಳಿಕೆಯನ್ನು ಅಕ್ಕನ ಕಡೆ ದಾಟಿಸದೆ ತಾನೇ ಇಟ್ಟುಕೊಂಡ. ಹಿಂದೆ ಕಟ್ಟುವ ಆಸ್ಪತ್ರೆಯ ಅಂಗಿಯಲ್ಲಿ, ಪಕ್ಕೆಯಿಂದ ಹೊರಟ ನಳಿಗೆಯ ತುದಿಗೆ ಕಂದು ನೀರಿನ ಚೀಲ ತೂಗುಬಿಟ್ಟುಕೊಂಡು ಮಲಗಿರುವವನಿಗೆ ಅಷ್ಟಾದರೂ ಬೇಕಿತ್ತು.

ತನ್ನ ಔಷಧಿ ಅಂಗಡಿಯಲ್ಲಿ ಬಿದ್ದದ್ದು ನೆನಪಾದರೆ ಈಗಲೂ ಮುಖ ಬಿಸಿಯಾಗುತ್ತದೆ. ಬಸ್ ಡ್ರೈವರೊಬ್ಬ ಎದೆ ಉರಿ ಎಂದು ಬಂದಿದ್ದ. ಅವನು ‘ಉರಿ’ ಎನ್ನುವ ಹೊತ್ತಿಗೇ ಇವನ ಕೈ ಗುಲಾಬಿ ಸಿರಪ್ಪಿನ ಅರೆಯ ಕಡೆ ಹೊರಟಾಗಿತ್ತು. ಗಿರಾಕಿ ಮಾತು ಮುಗಿಸುವ ಮೊದಲೇ ಕೈ ಹೋಗಿ ಮದ್ದನ್ನು ಮುಟ್ಟಬೇಕು, ಅದೇ ಕಸುಬಿನ ಹೆಚ್ಚುಗಾರಿಕೆ ಎಂದು ಅವನು ತಿಳಿದಿದ್ದ. ನನ್ನ ಕೈಗೇ ಕಣ್ಣಿದೆ ಎಂದು ಹೆಂಡತಿಗೆ ಹೇಳುತ್ತಿದ್ದ. ಕೆಳಗಿನ ಅರೆಗೆ ಬಗ್ಗಿದವನು ಏಳಲಿಲ್ಲ. ಪಕ್ಕೆಲುಬಿನ ಕೆಳಗೆ ಯಾರೋ ಒದ್ದೆ ಬಟ್ಟೆಯನ್ನು ಹಿಂಡಿದಂತೆ ಹಿಂಡಿದರು; ಕೆನ್ನೆ ನೆಲಕ್ಕೆ ತಗುಲಿತು; ಕಣ್ಣಿನ ಮುಂದೆ ಒಂದು ರಬ್ಬರ್ ಬ್ಯಾಂಡು, ಎಂದೋ ಬಿದ್ದ ಮಾತ್ರೆಯ ಚೂರು, ಧೂಳು. ಕೌಂಟರಿನ ಆಚೆಯಿಂದ ಡ್ರೈವರು ಕೇಳಿದ: “ಸಿಕ್ತಾ ಡಾಕ್ಟ್ರೇ?” ಇವನು ಬಿದ್ದಲ್ಲಿಂದಲೇ “ಒಂದ್ನಿಮಿಷ” ಎಂದ. ಪ್ರಾಣ ಹೋಗುತ್ತಿದ್ದರೂ ಗಿರಾಕಿಗೆ ಒಂದ್ನಿಮಿಷ ಎಂದನಲ್ಲ, ಅದನ್ನು ನೆನೆದರೆ ನಗು ಬರಬೇಕು. ಬರಲಿಲ್ಲ. “ಸಿಗದಿದ್ರೆ ಬಿಡಿ, ಬೇರೆ ಕಂಪನಿದು ಕೊಡಿ” ಎಂದು ಕೌಂಟರಿನ ಮೇಲೆ ಬಾಗಿ ನೋಡಿದ ಡ್ರೈವರು ಆಮೇಲೆ ಕೂಗಿಕೊಂಡದ್ದು, ನಾಲ್ಕು ಜನ ಸೇರಿ ತನ್ನನ್ನು ಎತ್ತಿದ್ದು, ಎತ್ತುವಾಗ ಯಾರೋ “ಅರ್ಧ ಡಾಕ್ಟ್ರು ಹೋಗ್ಬಿಟ್ರಾ?” ಎಂದದ್ದು, ಎಲ್ಲ ಕೇಳಿಸುತ್ತಿತ್ತು. ಬೀದಿಯಲ್ಲಿ ಅವನಿಗಿದ್ದ ಹೆಸರು ಅದು, ಅರ್ಧ ಡಾಕ್ಟ್ರು. ಡಾಕ್ಟ್ರು ಎಂಬುದು ಹಿತವಾಗಿಯೂ ಅರ್ಧ ಎಂಬುದು ಹಲ್ಲಿನ ಸಂದಿಗೆ ಸಿಕ್ಕ ನಾರಿನ ಹಾಗೆಯೂ ಇತ್ತು. ಆ ಅರ್ಧವನ್ನು ತುಂಬಿಸಲಿಕ್ಕೆಂದೇ ಅವನು ಕೆಲವು ನಿಯಮ ಮಾಡಿಕೊಂಡಿದ್ದ. ಮುಖ್ಯವಾದದ್ದು ಬಾಟಲಿಯದು. ಜನ ಅರ್ಧ ಔಷಧಿ ಕುಡಿದು ಅರ್ಧ ಬಿಟ್ಟು ಗುಣವಾಗಲಿಲ್ಲ ಎನ್ನುತ್ತಾರೆ. ಹಾಗಾಗಿ ಖಾಲಿ ಬಾಟಲಿ ತೋರಿಸಿದವರಿಗೆ ಮಾತ್ರ ಹೊಸ ಬಾಟಲಿ. ಬೀದಿಯವರು ಒಬ್ಬರ ಹಿಂದೊಬ್ಬರು ಖಾಲಿ ಬಾಟಲಿ ತಂದರು, ಅದೂ ಫಳಫಳ ತೊಳೆದು. ತನ್ನ ಮಾತಿಗೆ ಸಿಕ್ಕ ಮರ್ಯಾದೆ ಅದು ಎಂದುಕೊಂಡು ಅವನು ಅವನ್ನೆಲ್ಲ ಗೋಣಿಚೀಲಗಳಲ್ಲಿ ತುಂಬಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಇಟ್ಟಿದ್ದ. ಗುಜರಿಯವನಿಗೂ ಕೊಡಲಿಲ್ಲ. ಇದೇನು ಅಂಗಡಿಯೋ ವಸ್ತು ಸಂಗ್ರಹಾಲಯವೋ ಎಂದು ಹೆಂಡತಿ ಕೇಳಿದರೆ, ಒಂದೊಂದು ಬಾಟಲಿಯೂ ಗುಣವಾದ ಒಂದೊಂದು ಹೊಟ್ಟೆ ಕಣೇ ಎನ್ನುತ್ತಿದ್ದ.

ಸರ್ಜನ್ ಬಂದಾಗ ಅಕ್ಕ ಬಿಸಿನೀರು ತರಲು ಹೋಗಿದ್ದಳು. ಸರ್ಜನ್ ಅಂದರೆ ಅವನ ಮಗಳಾಗುವ ವಯಸ್ಸಿನ ಹೆಣ್ಣು. ನಿದ್ದೆಗೆಟ್ಟ ಕಣ್ಣು, ಗಟ್ಟಿ ಧ್ವನಿ. ಜೇಬಿನಿಂದ ಸಣ್ಣ ಪಾರದರ್ಶಕ ಡಬ್ಬಿ ತೆಗೆದು, “ಇವು ನಿಮ್ಮವು” ಎಂದು ಅವನ ಅಂಗೈಯಲ್ಲಿಟ್ಟಳು. ಒಳಗೆ ಕಲ್ಲುಗಳು. ಕಂದು, ಹಸಿರು, ಒಂದಕ್ಕೊಂದು ಉಜ್ಜಿ ಮೂಲೆಗಳು ಚಪ್ಪಟೆಯಾದವು. ತನ್ನೊಳಗೆ ಇವು ಇಷ್ಟು ಅಚ್ಚುಕಟ್ಟಾಗಿ ಕೂತಿದ್ದವೆ ಎಂದು ಅವನಿಗೆ ಮೈ ಜುಮ್ಮೆಂದಿತು. “ನೋವು ಎಷ್ಟು ದಿನದಿಂದ ಇತ್ತು?” ಎಂದು ಕೇಳಿದಳು. “ಒಂದೆರಡು ತಿಂಗಳು” ಎಂದ. ಅವಳು ಡಬ್ಬಿಯನ್ನು ಅವನ ಕೈಯಲ್ಲಿದ್ದಂತೆಯೇ ಒಂದು ಸಲ ಅಲ್ಲಾಡಿಸಿ, “ಇವು ಎರಡು ತಿಂಗಳ ಕಲ್ಲುಗಳಲ್ಲ” ಎಂದಳು. ಏನು ತಗೊಳ್ತಿದ್ರಿ ಎಂದಾಗ ಶಾಲೆಯ ಹುಡುಗನ ದನಿಯಲ್ಲಿ ಸಿರಪ್ಪಿನ ಹೆಸರು ಹೇಳಿದ. “ಯಾರು ಕೊಟ್ಟಿದ್ದು ಅದನ್ನ?” “ಅಂಗಡಿಯಲ್ಲಿ ಕೊಟ್ರು” ಎಂದ. ಸುಳ್ಳಲ್ಲ. ಆದರೆ ಹೇಳಿದ ಮರುಕ್ಷಣವೇ ಕಿವಿ ಕಾದ ಹಂಚಾಯಿತು. “ಆ ಅಂಗಡಿಯವರಿಗೆ ಸ್ವಲ್ಪ ಹೇಳಿ. ಬಲಗಡೆ ಪಕ್ಕೆಲುಬಿನ ಕೆಳಗೆ ನೋವು, ಅದು ಬೆನ್ನಿಗೆ, ಬಲ ಹೆಗಲಿನ ಹಲಗೆ ಕೆಳಗೆ ಹೋಗುತ್ತೆ, ಎಣ್ಣೆದು ತಿಂದ್ಮೇಲೆ ಜಾಸ್ತಿ ಆಗುತ್ತೆ ಅಂತ ಯಾರಾದ್ರೂ ಬಂದ್ರೆ ಸಿರಪ್ ಕೊಟ್ಟು ಕಳಿಸ್ಬೇಡಿ, ಸ್ಕ್ಯಾನ್‌ಗೆ ಕಳಿಸಿ ಅಂತ. ನಿಮ್ಮ ಪಿತ್ತಕೋಶ ಊದ್ಕೊಂಡು ಕೀವು ತುಂಬಿತ್ತು. ಇನ್ನು ಸ್ವಲ್ಪ ತಡ ಆಗಿದ್ರೆ ಒಳಗೇ ಒಡೀತಿತ್ತು. ಒಡೆದ್ಮೇಲೆ ಬಂದವರನ್ನ ಎಲ್ಲಾ ಸಲ ಉಳಿಸ್ಕೊಳ್ಳೋಕೆ ಆಗಲ್ಲ.” “ಹೇಳ್ತೀನಿ” ಎಂದ. ಅವಳು ಬ್ಯಾಂಡೇಜು ನೋಡಿ, ನಳಿಗೆ ನೋಡಿ, ಮೆಲ್ಲಗೆ ಎದ್ದು ಓಡಾಡಿ, ಮೊದಲಿಗೆ ಎಣ್ಣೆ ಜಿಡ್ಡು ಕಡಿಮೆ, ಭಾರ ಎತ್ತಬೇಡಿ, ಜ್ವರ ಬಂದರೆ ಕಣ್ಣು ಹಳದಿಯಾದರೆ ತಕ್ಷಣ ಬನ್ನಿ, ಪಿತ್ತಕೋಶ ಇಲ್ಲದೆಯೂ ಮನುಷ್ಯ ಆರಾಮಾಗಿ ಬದುಕುತ್ತಾನೆ ಎಂದೆಲ್ಲ ಹೇಳುತ್ತಿದ್ದಳು. ಅವನಿಗೆ ಯಾವುದೂ ಕೇಳಿಸಲಿಲ್ಲ. ಬಲ ಹೆಗಲಿನ ಹಲಗೆ ಕೆಳಗೆ. ಅಲ್ಲಿಗೇ ನಿಂತಿದ್ದ.

ಅಲ್ಲೇ ಅಕ್ಕ ಒತ್ತಿಸಿಕೊಳ್ಳುತ್ತಿದ್ದದ್ದು. ಹೊಲಿಗೆ ಮಿಷನ್ನಿನ ಮುಂದೆ ಕೂತವಳು ಬೆನ್ನು ಅವನ ಕಡೆ ತಿರುಗಿಸಿ, “ಇಲ್ಲಿ ಕಣೋ, ಇನ್ನೂ ಸ್ವಲ್ಪ ಕೆಳಗೆ, ಹ್ಞಾಂ, ಅಲ್ಲೇ ಒತ್ತು, ಜೀವ ಬಂತು” ಎನ್ನುತ್ತಿದ್ದಳು. ತಾಯಿ ಹೋದಾಗ ಅವನಿಗಿನ್ನೂ ಗುಂಡಿ ಹಾಕಿಕೊಳ್ಳಲು ಬರುತ್ತಿರಲಿಲ್ಲ. ಅಕ್ಕ ಹಾಕಿದಳು. ಅವನ ಮೊದಲ ಪ್ಯಾಂಟು ಅವಳೇ ಹೊಲಿದದ್ದು, ಅಂಗಡಿಯ ಮೊದಲ ದಿನ ತಲೆನೋವಿಲ್ಲದಿದ್ದರೂ ತಲೆನೋವಿನ ಮಾತ್ರೆ ಕೊಂಡವಳು ಅವಳೇ. ಪಕ್ಕದ ಬೀದಿಯ ಅವಳ ಮನೆಗೆ ಅವನು ದಿನಾ ಅಂಗಡಿಗೆ ಹೋಗುವ ಮುಂಚೆ ಹೋಗುತ್ತಿದ್ದ, ಬೆನ್ನು ಒತ್ತುತ್ತಿದ್ದ, ಗ್ಯಾಸ್ ಅಕ್ಕ, ಬರೀ ಗ್ಯಾಸು ಎನ್ನುತ್ತಿದ್ದ, ಗುಲಾಬಿ ಸಿರಪ್ಪು ಕೊಡುತ್ತಿದ್ದ. ಕೈ ಇಟ್ಟಿದ್ದ, ಸರಿಯಾಗಿ ಅದೇ ಜಾಗದ ಮೇಲೆ ಹೆಬ್ಬೆರಳು ಇಟ್ಟಿದ್ದ. ಕೈಗೆ ಕಣ್ಣಿದೆಯಂತೆ! ತನಗೇ ಅದೇ ನೋವು ಶುರುವಾದಾಗ, ಅಕ್ಕನಿಗಿರುವುದೇ ನನಗೂ ಇದೆ, ನಮ್ಮ ವಂಶಕ್ಕೇ ಗ್ಯಾಸು ಎಂದು ಜೋಕು ಮಾಡಿಕೊಂಡು ಅದೇ ಸಿರಪ್ಪು ಕುಡಿದಿದ್ದ. ಅಕ್ಕನಿಗಿರುವುದೇ ನನಗೂ ಇದೆ. ಹಾಗಾದರೆ ನನಗಿದ್ದದ್ದೇ ಅಕ್ಕನಿಗೂ ಇದೆ. ಡಬ್ಬಿ ಕೈಜಾರಿ ಹೊದಿಕೆಯ ಮೇಲೆ ಬಿತ್ತು. ಒಳಗೆ ಕಲ್ಲುಗಳು ಸದ್ದು ಮಾಡಿದವು. ಅದನ್ನು ಹಿಡಿಯಲು ಬಾಗಿದ್ದಕ್ಕೆ ಹೊಲಿಗೆ ನೊಂದಿತು. ಅದೇ ಹೊತ್ತಿಗೆ ಅಕ್ಕ ಫ್ಲಾಸ್ಕ್ ಹಿಡಿದು ಒಳಗೆ ಬಂದು, “ಡಾಕ್ಟ್ರಮ್ಮ ಏನಂದ್ರು?” ಎಂದು ಕೇಳಿದಳು. “ಎಲ್ಲಾ ಸರಿಯಾಗಿದೆ ಅಂದ್ರು” ಎಂದುಬಿಟ್ಟ.

ಓಡಾಡಿಸಲು ಅಕ್ಕನೇ ಎಬ್ಬಿಸಿದಳು. ನೇರ ಏಳಬೇಡ, ಮೊದಲು ಪಕ್ಕಕ್ಕೆ ಹೊರಳು, ಕಾಲು ಕೆಳಗೆ ಬಿಡು, ಮೊಣಕೈ ಊರು ಎಂದಳು. ಹಾಗೆ ಮಾಡಿದರೆ ನಿಜವಾಗಿ ನೋವು ಕಡಿಮೆ. ಊರ ಸುದ್ದಿಯೆಲ್ಲ ಹೊಲಿಗೆ ಮಿಷನ್ನಿನ ಮುಂದೆ ಬಂದು ಬೀಳುತ್ತದೆ, ಯಾರೋ ಹೇಳಿರಬೇಕು. ಉದ್ದನೆಯ ಕಾರಿಡಾರಿನಲ್ಲಿ ಅವನು ಗೋಡೆಯ ಕಂಬಿ ಹಿಡಿದು, ಅವಳು ಅವನ ನಳಿಗೆಯ ಚೀಲ ಹಿಡಿದು, ಹೆಜ್ಜೆಗೊಂದು ಹೆಜ್ಜೆ ಸೇರಿಸುತ್ತ ಹೋದರು. ಚೀಲವನ್ನು ಅವಳು ತರಕಾರಿ ಚೀಲದಷ್ಟೇ ಸಲೀಸಾಗಿ ಹಿಡಿದಿದ್ದಳು. ಅವನು ಅವಳ ಮುಖ ನೋಡಿದ, ಕಣ್ಣಿನ ಬಿಳಿ ನೋಡಿದ. ಹಳದಿಯೆ? ಕಿಟಕಿಯ ಬೆಳಕಿಗೆ ಹಳದಿ ಅನ್ನಿಸಿತು. ಮುಂದಿನ ಕಿಟಕಿಗೆ ಅನ್ನಿಸಲಿಲ್ಲ. ಈಗ, ಈ ಹೆಜ್ಜೆಯಲ್ಲಿ ಇವಳೊಳಗೆ ಅದು ಒಡೆದರೆ? ನನ್ನ ಕೊಳೆ ನೀರು ಹಿಡಿದುಕೊಂಡೇ ಕುಸಿದರೆ? ಹೇಳು, ಈಗ ಹೇಳು ಎಂದು ಒಳಗಿನಿಂದ ಯಾರೋ ತಿವಿದರು. ಹೇಳುವುದೆಂದರೆ ಏನೆಂದು? ಅಕ್ಕ, ಇಷ್ಟು ವರ್ಷ ನಾನು ನಿನಗೆ ಕೊಟ್ಟದ್ದು ಸಕ್ಕರೆ ನೀರಿಗೆ ಸಮ ಎಂದೆ? ಈ ಲೋಕದಲ್ಲಿ ಅವನನ್ನು ಪೂರ್ತಿ ಡಾಕ್ಟರು ಎಂದು ತಿಳಿದವಳು ಅವಳೊಬ್ಬಳೇ. ನೋವು ಹೇಗಿದೆ ಅಕ್ಕ ಎಂದು ಯಾವಾಗ ಕೇಳಿದರೂ, “ನಿನ್ನ ಔಷಧಿ ಇರೋವಾಗ ನಂಗೇನು?” ಎನ್ನುವವಳು. ಒಂದೇ ಒಂದು ಸಲ ಅವಳು, “ಒಂದ್ಸಲ ಸ್ಕ್ಯಾನ್ ಮಾಡಿಸ್ಲಾ ಅಂತ?” ಎಂದು ರಾಗ ಎಳೆದಿದ್ದಳು. ಅವತ್ತು ಅವನ ಪಿತ್ತ ನೆತ್ತಿಗೇರಿತ್ತು. “ಹಾಗಾದ್ರೆ ನಾನ್ಯಾಕಿರೋದು? ಹಿತ್ತಲ ಗಿಡ ಮದ್ದಲ್ಲ ಅಂತ ಸುಮ್ನೆ ಹೇಳಿಲ್ಲ ದೊಡ್ಡೋರು. ಹೋಗು, ಮಾಡಿಸ್ಕೋ, ಊರೆಲ್ಲಾ ನಗ್ಲಿ, ತಮ್ಮನ್ನ ಬಿಟ್ಟು ಎಲ್ಲಿಗೋ ಹೋದ್ಲು ಅಂತ” ಎಂದು ಬಾಗಿಲು ಬಡಿದು ಬಂದಿದ್ದ. ಒಂದು ವಾರ ಅವಳ ಮನೆಗೆ ಹೋಗಲಿಲ್ಲ. ಆಮೇಲೆ ಅಕ್ಕನೇ ಅಂಗಡಿಗೆ ಬಂದಳು. ಗಿರಾಕಿಗಳೆಲ್ಲ ನೋಡುತ್ತಿದ್ದಂತೆ ತೊಳೆದ ಬಾಟಲಿಯನ್ನು ಕೌಂಟರಿನ ಮೇಲಿಟ್ಟು, “ಇನ್ನೊಂದು ಕೊಡೋ” ಎಂದಳು. ಆಗ ಎದೆ ಹೇಗೆ ಉಬ್ಬಿತ್ತು! ಅದಾಗಿ ಸ್ವಲ್ಪ ದಿನಕ್ಕೆ ಅವಳು ಮೊಮ್ಮಗುವನ್ನು ನೋಡಿಕೊಳ್ಳಬೇಕೆಂದು ಮಗಳ ಊರಿಗೆ ಹೋದಳು. ಬಂದಾಗ ಸೊರಗಿದ್ದಳು, ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಮೆಟ್ಟಿಲು ಹತ್ತಿದಳು. ಕಾಯಿಲೆ ಆಗಲೇ ಅವಳನ್ನು ತಿನ್ನುತ್ತಿತ್ತು, ಅವನು ಕಣ್ಣಾರೆ ನೋಡಿ ಟಾನಿಕ್ ಕೊಟ್ಟ. “ಸುಸ್ತಾಯ್ತೇನೋ? ಕೂರು” ಎಂದು ಅಕ್ಕ ಕಾರಿಡಾರಿನ ಬೆಂಚು ತೋರಿಸಿದಳು. ಅವನು ಕೂತ.

ಆ ಕಾರಿಡಾರಿನ ಕಿಟಕಿಯಿಂದ ಕೆಳಗಿನ ರಸ್ತೆ ಕಾಣುತ್ತಿತ್ತು. ಯಾರೋ ಮುರಿದ ಕೊಡೆ ಹಿಡಿದು ಹೋಗುತ್ತಿದ್ದರು. ಕೊಡೆ ಕಂಡದ್ದೇ ತಡ, ಅಂಗಡಿಯ ಎದುರು ಕೂರುತ್ತಿದ್ದ ಕೊಡೆ ರಿಪೇರಿಯವನು ನೆನಪಾದ. ಅವನೂ ಬಲಪಕ್ಕೆ ಹಿಡಿದುಕೊಂಡೇ ರಸ್ತೆ ದಾಟಿ ಬರುತ್ತಿದ್ದ. “ಡಾಕ್ಟ್ರೇ, ನಿಮ್ಮ ಕೈಗುಣ ದೊಡ್ಡದು, ಕುಡಿದ ಗಳಿಗೆ ತಣ್ಣಗಾಗುತ್ತೆ” ಎನ್ನುತ್ತಿದ್ದ. ಅವನು ಕೊಡುವ ಬಾಟಲಿ ಮಾತ್ರ ಒಂದು ದಿನವೂ ಚೊಕ್ಕಟವಾಗಿರಲಿಲ್ಲ. ಮುಚ್ಚಳ ಅಂಟು, ಕತ್ತಿನ ಸುತ್ತ ಒಣಗಿದ ಗುಲಾಬಿ ಕಲೆ, ತಳದಲ್ಲೊಂದು ತೊಟ್ಟು, ಇರುವೆ. “ಎಲ್ರೂ ಹೇಗೆ ತೊಳ್ಕೊಂಡು ತರ್ತಾರೆ ನೋಡು. ನಿನಗೇನು ಧಾಡಿ?” ಎಂದು ನಾಲ್ಕು ಜನರ ಮುಂದೆ ಗದರಿಸಿದ್ದ. ಕೊಡೆಯವನು ತಲೆ ಕೆರೆದುಕೊಂಡು ನಕ್ಕಿದ್ದ. ಆಮೇಲೊಂದು ದಿನದಿಂದ ಬರಲಿಲ್ಲ. ಬರುವುದು ನಿಲ್ಲಿಸಿದವರೆಲ್ಲ ಗುಣವಾದವರು ಎಂಬುದು ಅಂಗಡಿಯವನ ಲೆಕ್ಕ. ನೋಡು, ಕೊಡೆಯವನಿಗೂ ವಾಸಿಯಾಯಿತು ಎಂದು ಹೆಂಡತಿಗೆ ಹೇಳಿದ್ದ. ಈಗ ಆ ಜಾಗದಲ್ಲಿ ಮೊಬೈಲ್ ಕವರು ಮಾರುವವನೊಬ್ಬ ಕೂರುತ್ತಾನೆ. ಕೊಡೆಯವನು ಎಲ್ಲಿ ಹೋದ ಎಂದು ಅವನನ್ನು ಕೇಳಬಹುದಿತ್ತು. ರಸ್ತೆ ದಾಟಿದರೆ ಸಾಕಿತ್ತು. ಕೇಳಲಿಲ್ಲ. ಬೆವರು ಬಂತು; ಅಕ್ಕ ತನ್ನ ಕರವಸ್ತ್ರದಿಂದ ಹಣೆ ಒರೆಸಿ, “ಮೊದಲ ದಿನ ಹೀಗೇ. ನಾಳೆಗೆ ಸರಿಹೋಗುತ್ತೆ” ಎಂದಳು.

ಮಧ್ಯಾಹ್ನ ಹೆಂಡತಿ ತೆಳ್ಳಗಿನ ಗಂಜಿ ತಂದಳು. ಅಕ್ಕ ಕೈತೊಳೆಯಲು ಹೋದ ಹೊತ್ತು ನೋಡಿ ಅವನು ಹೆಂಡತಿಯ ಮಣಿಕಟ್ಟು ಹಿಡಿದ. “ಒಂದು ಕೆಲಸ ಮಾಡು. ಅಕ್ಕನ್ನ ಕೆಳಗಡೆ ಸ್ಕ್ಯಾನ್‌ಗೆ ಕರ್ಕೊಂಡ್ಹೋಗು. ಇದು ಮನೆತನದಲ್ಲಿ ಬರುತ್ತಂತೆ, ಒಡಹುಟ್ಟಿದವರೆಲ್ಲ ಮಾಡಿಸ್ಲೇಬೇಕಂತೆ, ಡಾಕ್ಟ್ರಮ್ಮನೇ ಹೇಳಿದ್ರು ಅನ್ನು. ನನ್ನ ಹೆಸರು ಎತ್ಬೇಡ.” ಹೇಳುತ್ತ ಹೇಳುತ್ತ ಅವನಿಗೇ ತನ್ನ ಜಾಣತನ ಕಂಡು ಹೇಸಿಗೆಯಾಯಿತು. ಸಾವಿನ ಮುಂದೆ ನಿಂತೂ ಅಂಗಡಿಯ ಬೋರ್ಡು ಉಳಿಸಿಕೊಳ್ಳಲು ನೋಡುತ್ತಿದ್ದೇನಲ್ಲ. ಹೆಂಡತಿ ಅವನನ್ನು ಒಂದು ಗಳಿಗೆ ನೋಡಿದಳು. ಅವಳ ತುಟಿಯ ಕೊನೆಯಲ್ಲಿ ಏನೋ ಅಲ್ಲಾಡಿತು, ನಗುವೋ ಕನಿಕರವೋ. “ನಿಮ್ಮ ಅಕ್ಕ. ನೀವೇ ಹೇಳಿ” ಎಂದು ಗಂಜಿ ಕಲಕಿದಳು. “ಅಲ್ವೇ, ಇದು ಜೀವದ ವಿಷಯ ಕಣೇ!” ಎಂದು ದನಿ ಏರಿಸಲು ಹೋದ, ಹೊಟ್ಟೆ ಬಿಡಲಿಲ್ಲ, ಮಾತು ಅರ್ಧದಲ್ಲೇ ಗಾಳಿಯಾಯಿತು. “ಸದ್ಯ, ಪಿತ್ತಕೋಶನೇ ತೆಗೆದ್ರು. ಇನ್ಮೇಲೆ ನೆತ್ತಿಗೇರೋಕೆ ಏನೂ ಉಳಿದಿಲ್ಲ” ಎಂದಳು ಅವಳು. “ಪಿತ್ತ ತಯಾರಾಗೋದು ಲಿವರಲ್ಲಿ. ಕೋಶದಲ್ಲಿ ಬರೀ ಶೇಖರಣೆ” ಎಂದು ಅವನ ಬಾಯಿ ತಾನಾಗಿ ಹೇಳಿತು. “ಗೊತ್ತಿತ್ತು ನಂಗೆ, ಅಷ್ಟು ಸುಲಭಕ್ಕೆ ಹೋಗಲ್ಲ ಅಂತ” ಎಂದು ಚಮಚ ಅವನ ಬಾಯಿಗಿಟ್ಟಳು. ಗಂಜಿ ಸಪ್ಪೆಯಿತ್ತು. ಅವನು ಮಗುವಿನಂತೆ ನುಂಗಿದ.

ಹೆಂಡತಿ ಮನೆಗೆ ಹೊರಟ ಮೇಲೆ ಕೋಣೆಯಲ್ಲಿ ಇಬ್ಬರೇ ಉಳಿದರು. ಇಳಿಬಿಸಿಲು ಕಿಟಕಿಯಿಂದ ಬಂದು ಮಂಚದ ಕಬ್ಬಿಣದ ಕಾಲಿನ ಮೇಲೆ ಬಿದ್ದಿತ್ತು. ಅಕ್ಕ ಅವನ ಟವೆಲುಗಳನ್ನು ಮಡಿಸುತ್ತಿದ್ದಳು, ಹೊಲಿಗೆಯವರು ಮಡಿಸುವಂತೆ ಅಂಚಿಗೆ ಅಂಚು ಸೇರಿಸಿ. ಮಡಿಸುವಾಗ ಒಮ್ಮೆ ನಿಂತು ಬಲಗೈಯನ್ನು ಸೊಂಟಕ್ಕಿಟ್ಟುಕೊಂಡಳು. ಅಷ್ಟೇ ಸಾಕಾಯಿತು.

“ಅಕ್ಕಾ.”

“ಹ್ಞೂಂ.”

“ನಾನು ನಿಂಗೆ ಕೊಡ್ತೀನಲ್ಲ, ಆ ಸಿರಪ್ಪು…”

“ಅದಕ್ಕೇನೀಗ?”

“ಅದಲ್ಲ ನಿಂಗೆ ಬೇಕಾಗಿದ್ದಿದ್ದು. ನಿಂದು ಗ್ಯಾಸಲ್ಲ ಅಕ್ಕ. ನಂಗೆ ಇದ್ದಿದ್ದೇ ನಿಂಗೂ ಇದೆ. ನಂಗೇನೂ ಗೊತ್ತಿರ್ಲಿಲ್ಲ. ಗೊತ್ತಿದೆ ಅಂದ್ಕೊಂಡಿದ್ದೆ. ನಡಿ, ಈಗ್ಲೇ ಹೋಗೋಣ, ಕೆಳಗಡೆ ಸ್ಕ್ಯಾನ್ ಮಾಡ್ತಾರೆ, ಒಡೆದುಹೋದ್ರೆ ಆಮೇಲೆ…” ಎನ್ನುತ್ತ ಅವನು ಹೊರಳುವುದನ್ನು ಮರೆತು ನೇರ ಏಳಲು ಹೋದ. ನಳಿಗೆ ಜಗ್ಗಿತು. ಕಣ್ಣು ಕತ್ತಲೆಯಾಗಿ ಅಲ್ಲೇ ಕುಸಿದ.

ಅಕ್ಕ ಟವೆಲು ಕೆಳಗಿಟ್ಟಳು. ಹೋಗಿ ಬಾಗಿಲು ಹಾಕಿ ಬಂದಳು. ಕಿಟಕಿಯ ಪರದೆ ಎಳೆದಳು. ಅವನ ಹತ್ತಿರ ಬಂದು ನಿಂತು, ತನ್ನ ಮೇಲಂಗಿಯ ಅಂಚನ್ನು ಬಲಗಡೆ ಪಕ್ಕೆಲುಬಿನವರೆಗೆ ಸರಿಸಿದಳು. ಅವನು ಮೊದಲು ಮುಖ ತಿರುಗಿಸಿದ. ಆಮೇಲೆ ನೋಡಿದ. ಬೆರಳುಗುರಿನಷ್ಟು ಉದ್ದದ ಗೀಟುಗಳು, ಪಕ್ಕೆಯಲ್ಲಿ, ಎದೆಮೂಳೆಯ ಕೆಳಗೆ, ಹೊಕ್ಕುಳ ಹತ್ತಿರ. ಬೆಳಿಗ್ಗೆ ನರ್ಸ್ ಬ್ಯಾಂಡೇಜು ಬದಲಿಸುವಾಗ ತನ್ನ ಹೊಟ್ಟೆಯ ಮೇಲೆ ಕಂಡ ಅದೇ ಜಾಗಗಳು. ಅವನವು ಕೆಂಪು, ಇವು ಮಾಸಿ ಬೆಳ್ಳಗಾಗಿದ್ದವು. ಅಕ್ಕ ಅಂಚು ಇಳಿಬಿಟ್ಟು ಕುರ್ಚಿ ಎಳೆದುಕೊಂಡು ಕೂತಳು.

“ನಂದು ಆಗ್ಲೇ ಹೋಯ್ತು ಕಣೋ” ಎಂದಳು.

“ಯಾವಾಗ?”

“ಮಗಳ ಮನೆಗೆ ಹೋಗಿದ್ನಲ್ಲ, ಆಗ. ಅವಳೇ ಮಾಡಿಸಿದ್ಲು.”

“ಮೊಮ್ಮಗೂನ ನೋಡ್ಕೊಳ್ಳೋಕೆ ಅಂತ…”

“ಮೊಮ್ಮಗೂನೇ ನನ್ನ ನೋಡ್ಕೊಂಡಿತು ಅನ್ನು. ದಿಂಬು ತಂದ್ಕೊಡ್ತಿದ್ದಿದ್ದು ಅದೇ.”

ದಿಂಬು. ಹೆಗಲಿನ ಗಾಳಿ. ಪಕ್ಕಕ್ಕೆ ಹೊರಳಿ ಏಳುವುದು. ಬೆಳಗಿನಿಂದ ಅವಳು ಹೇಳುತ್ತಲೇ ಇದ್ದಳು, ಅವನಿಗೆ ಕೇಳಿಸಿರಲಿಲ್ಲ. ಪಕ್ಕದ ಬೀದಿಯಲ್ಲಿ ದಿನಾ ಮುಖ ನೋಡುತ್ತಿದ್ದವಳ ಹೊಟ್ಟೆ ಕೊಯ್ದು ಹೊಲಿದದ್ದು ತನಗೆ ತಿಳಿಯಲಿಲ್ಲ. ದೀಪದ ಬುಡದಲ್ಲಿ ಕತ್ತಲೆ ಎನ್ನುತ್ತಾರೆ. ಇಲ್ಲಿ ದೀಪವೇ ಇರಲಿಲ್ಲವಲ್ಲ ಅನ್ನಿಸಿತು. “ನಂಗ್ಯಾಕೆ ಹೇಳ್ಲಿಲ್ಲ?” ಎಂದ. ಅಕ್ಕ ಹೊದಿಕೆಯ ನೆರಿಗೆ ತೀಡಿದಳು. “ಹೇಳ್ದೆನಲ್ಲೋ. ಸ್ಕ್ಯಾನ್ ಅಂತ ಒಂದು ಮಾತಂದಿದ್ದಕ್ಕೇ ಒಂದು ವಾರ ನನ್ನ ಮನೆ ದಿಕ್ಕಿಗೆ ತಲೆ ಹಾಕಿ ಮಲಗ್ಲಿಲ್ಲ ನೀನು. ಬೆನ್ನು ಒತ್ತೋರಿಲ್ಲ, ಮಾತಾಡೋರಿಲ್ಲ. ಹೊಟ್ಟೆನೋವು ತಡ್ಕೋಬಹುದಿತ್ತು.” ಅವಳ ದನಿಯಲ್ಲಿ ದೂರು ಇರಲಿಲ್ಲ. ಇದ್ದಿದ್ದರೆ ಅವನಿಗೆ ಹಿಡಿದುಕೊಳ್ಳಲು ಏನಾದರೂ ಸಿಗುತ್ತಿತ್ತು.

“ಮತ್ತೆ ಬಾಟಲಿ? ತಿಂಗಳು ತಿಂಗಳು ತಂದು ತೋರಿಸ್ತಿದ್ಯಲ್ಲ, ಖಾಲಿ ಬಾಟಲಿ?”

“ಬಚ್ಚಲಿಗೆ ಸುರಿದು ತರ್ತಿದ್ದೆ. ಹಾವೂ ಸಾಯ್ಬಾರದು, ಕೋಲೂ ಮುರೀಬಾರದು ಅಂತ.” ಅಕ್ಕ ಸಣ್ಣಗೆ ನಕ್ಕಳು. “ಒಂದೇ ಸಲ ಸುರಿದ್ರೆ ಒಳಗೆಲ್ಲ ಬಳ್ಕೊಂಡು ನಿಂತ್ಬಿಡುತ್ತೆ, ನೋಡಿದ್ರೆ ಗೊತ್ತಾಗುತ್ತೆ. ಅದಕ್ಕೇ ತೊಳೆದ್ಬಿಡೋದು. ಆ ಉಪಾಯ ನಂದಲ್ಲಪ್ಪ. ನಿನ್ನ ಹೆಂಡ್ತಿ ಹೇಳಿದ್ದು. ಬೀದಿಯಲ್ಲಿ ಎಲ್ರೂ ಹಾಗೇ ಮಾಡೋದಂತೆ. ನೀನು ಅಷ್ಟು ಪ್ರೀತಿಯಿಂದ ಕೊಡ್ತೀಯ, ಬೇಡ ಅಂದ್ರೆ ಮುಖ ಸಣ್ಣದು ಮಾಡ್ಕೊಳ್ತೀಯ…”

ಹಿಂದಿನ ಕೋಣೆಯ ಗೋಣಿಚೀಲಗಳು ಕಣ್ಣ ಮುಂದೆ ಬಂದವು. ಫಳಫಳ ತೊಳೆದ, ಬೆಳಕಿಗೆ ಹಿಡಿದರೆ ಒಂದು ಕಲೆಯೂ ಇಲ್ಲದ ಬಾಟಲಿಗಳು. ಇಡೀ ಬೀದಿ ತನ್ನ ಮುಂದೆ ನಿಂತು ಮರ್ಯಾದೆಯಿಂದ ಬಾಟಲಿ ಒಪ್ಪಿಸಿ, ಬೆನ್ನು ತಿರುಗಿಸಿ, ಮನೆಗೆ ಹೋಗಿ ಬಚ್ಚಲಿಗೆ ಸುರಿಯುತ್ತಿತ್ತು. ಬೆತ್ತಲಾದಂತೆ ಅನ್ನಿಸಿ ಅವನು ಹಿಂದೆ ಕಟ್ಟುವ ಆ ಅಂಗಿಯನ್ನು ಎಳೆದುಕೊಂಡ. ನಾಚಿಕೆ ಕಾಲಿನಿಂದ ತಲೆಯವರೆಗೆ ಹತ್ತಿತು. ಹತ್ತಿದ ಮೇಲೆ, ಅವನಿಗೇ ನಂಬಲಾಗದಂತೆ, ಅದರ ಹಿಂದೆಯೇ ಒಂದು ನೆಮ್ಮದಿ ಬಂತು. ಸದ್ಯ. ಸುರಿದಿದ್ದಾರೆ. ಅಕ್ಕ ಬದುಕಿದ್ದಾಳೆ. ಯಾರೂ ನನ್ನನ್ನು ನಂಬಿರಲಿಲ್ಲ, ಆದ್ದರಿಂದ ಯಾರಿಗೂ ನನ್ನಿಂದ ಏನೂ ಆಗಿಲ್ಲ. ಆ ಸಿರಪ್ಪನ್ನು ಔಷಧಿಯೆಂದು ತಿಳಿದು ತಳದವರೆಗೂ ಕುಡಿದ ಮೂರ್ಖ ನಾನೊಬ್ಬನೇ. ಅವನಿಗೆ ನಗು ಬಂತು, ನಿಜವಾದ ನಗು, ಹೊಟ್ಟೆಯಿಂದಲೇ. ಅಕ್ಕ ದಡಬಡಿಸಿ ಎದ್ದು ದಿಂಬು ತಂದಳು. “ನಗ್ಬೇಡ್ವೋ, ಹೊಲಿಗೆ ಇದೆ. ಒತ್ತಿ ಹಿಡ್ಕೋ” ಎಂದು ತಾನೂ ನಗುತ್ತ ಅವನ ಕೈಗಳನ್ನು ದಿಂಬಿನ ಮೇಲೆ ಕೂರಿಸಿದಳು. ಇಬ್ಬರೂ ಚಿಕ್ಕವರಿದ್ದಾಗ ನಗುತ್ತಿದ್ದಂತೆ ಸದ್ದಿಲ್ಲದೆ ನಕ್ಕರು.

ಅವನ ನಗು ಮೊದಲು ನಿಂತಿತು.

“ಏನಾಯ್ತೋ? ನೋವಾ?” ಎಂದಳು ಅಕ್ಕ.

ಅವನು ದಿಂಬನ್ನು ಒತ್ತಿ ಹಿಡಿದೇ ಇದ್ದ. ಕಣ್ಣ ಮುಂದೆ, ಅಂಗಡಿಯ ಕೌಂಟರಿನ ಆಚೆ, ಒಬ್ಬ ತಲೆ ಕೆರೆದುಕೊಂಡು ನಗುತ್ತ ನಿಂತಿದ್ದ. ಅವನ ಬಾಟಲಿಯ ಮುಚ್ಚಳ ಅಂಟಂಟಾಗಿತ್ತು, ತಳದಲ್ಲಿ ಇರುವೆಯಿತ್ತು. ಎಷ್ಟು ಗದರಿಸಿದರೂ ಕೊಡೆಯವನು ಒಂದು ದಿನವೂ ಬಾಟಲಿ ತೊಳೆದು ತಂದಿರಲಿಲ್ಲ.